ಹವ್ಯಾಸದ ಗೆಳೆಯರಿಗೆ ಮನೆಯ ಸುದ್ದಿ ಹೇಳುವ ಬಗೆ

ನಮ್ಮದು ಇಂಕ್ ಪೆನ್ನಿನ ಹುಚ್ಚು ಹತ್ತಿದವರ ಗುಂಪು. ಆನ್‌ಲೈನಿನಲ್ಲೇ ಶುರುವಾಗಿ 11 ವರ್ಷವಾಯಿತು. ನಲವತ್ತು ಚಿಲ್ಲರೆ ಜನ ಇದ್ದೇವೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ನಾನು ಇವತ್ತಿಗೂ ಮುಖಾಮುಖಿ ನೋಡಿಲ್ಲ. ಹೊಸ ಇಂಕು ತಂದವರು ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಫೋಟೊ ಹಾಕುವುದು ನಮ್ಮಲ್ಲಿ ರೂಢಿ. ಬಣ್ಣ ಹೇಗೆ ಬಂದಿದೆ, ನಿಬ್ ಎಷ್ಟು ಇಂಕು ಬಿಡುತ್ತಿದೆ, ಹಾಳೆಯ ಹಿಂಬದಿಗೆ ಇಳಿದಿದೆಯೇ ಎಂದಷ್ಟೇ ಎಲ್ಲರೂ ನೋಡುತ್ತೇವೆ. ಬರೆದಿರುವುದು ಏನು ಎಂದು ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. ಒಂದು ಸಲ ಗೆಳೆಯನೊಬ್ಬ ಕಡುನೀಲಿ ಇಂಕಿನ ಫೋಟೊ ಹಾಕಿದ. ಏಳೆಂಟು ಜನ ಬಣ್ಣ ಹೊಗಳಿದರು. ‘ನಿಬ್ ಸ್ವಲ್ಪ ಒಣ ಅನಿಸುತ್ತಿದೆ’ ಎಂದು ನಾನೂ ಬರೆದೆ. ಸಂಜೆ ಹೊತ್ತಿಗೆ ಗುಂಪಿನ ಹಿರಿಯರೊಬ್ಬರು ಆ ಫೋಟೊವನ್ನು ದೊಡ್ಡದು ಮಾಡಿ ನೋಡಿ, ‘ಮೂರನೇ ಸಾಲು ಯಾರಾದರೂ ಓದಿದಿರಾ?’ ಎಂದು ಕೇಳಿದರು. ಮೂರನೇ ಸಾಲಿನಲ್ಲಿ ಹೀಗಿತ್ತು: ‘ಇವತ್ತು ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆವು. ಇನ್ನು ಅಲ್ಲಿ ಮಾಡುವಂಥದ್ದು ಏನೂ ಇಲ್ಲವಂತೆ.’

ಅವನಿಗೆ ನಮಗೆ ಹೇಳಬೇಕಿತ್ತು. ಹೇಳುವುದಕ್ಕೆ ನಾವು ಒಂದು ಜಾಗವನ್ನೇ ಇಟ್ಟಿರಲಿಲ್ಲ. ಪೆನ್ನಿನ ಮಾತಿನ ನಡುವೆ ಮನೆಯ ಕಷ್ಟ ಎತ್ತುವುದು ಹೇಗೆ ಎಂಬ ಸಂಕೋಚಕ್ಕೆ ಅವನು ಅದನ್ನು ಇಂಕಿನ ಸಾಲಿನೊಳಗೆ ಬಚ್ಚಿಟ್ಟಿದ್ದ. ಆ ವಾರ ನಾವು ನಾಲ್ಕೈದು ಜನ ಫೋನಿನಲ್ಲಿ ಮಾತಾಡಿಕೊಂಡು ಕೆಲವು ಏರ್ಪಾಟು ಮಾಡಿದೆವು. ಆಮೇಲಿನ ವರ್ಷಗಳಲ್ಲಿ ಅವನ್ನು ತಿದ್ದುತ್ತಾ ಬಂದಿದ್ದೇವೆ. ನಿಮ್ಮದು ಚದುರಂಗವಿರಲಿ, ಹಕ್ಕಿ ನೋಡುವುದಿರಲಿ, ಕ್ರೋಶಾ ಇರಲಿ, ಅಂಚೆಚೀಟಿ ಇರಲಿ, ಬಹುಪಾಲು ಹೀಗೆಯೇ ನಡೆಯುತ್ತದೆ.

1. ಸುದ್ದಿಗೆಂದೇ ಒಂದು ಜಾಗ ಮಾಡಿ

ಮುಖ್ಯ ಗುಂಪಿನಲ್ಲಿ ಹವ್ಯಾಸದ ಮಾತು ಮಾತ್ರ ಎಂಬ ನಿಯಮ ಇರುವುದು ಒಳ್ಳೆಯದೇ. ಇಲ್ಲದಿದ್ದರೆ ಶುಭೋದಯದ ಚಿತ್ರಗಳ ರಾಶಿಯಲ್ಲಿ ಹವ್ಯಾಸವೇ ಕಾಣೆಯಾಗುತ್ತದೆ. ಆದರೆ ನಿಯಮ ಇರುವ ಕಡೆ ಮನೆಯ ಮಾತು ಎತ್ತಿದವರಿಗೆ ತಪ್ಪು ಮಾಡಿದ ಹಾಗಾಗುತ್ತದೆ. ಹಾಗಾಗಿ ಬೇರೆ ಜಾಗ ಬೇಕು. ವಾಟ್ಸ್ಯಾಪ್ ಆದರೆ ಕಮ್ಯುನಿಟಿ ಮಾಡಿ ಅದರೊಳಗೆ ಎರಡನೇ ಗುಂಪು ತೆರೆಯಬಹುದು. ಟೆಲಿಗ್ರಾಂನಲ್ಲಿ ಒಂದೇ ಗುಂಪಿನೊಳಗೆ ಟಾಪಿಕ್‌ಗಳನ್ನು ಮಾಡಿಕೊಳ್ಳುವ ಸೌಲಭ್ಯ 2022ರಿಂದ ಇದೆ. ಡಿಸ್ಕಾರ್ಡ್ ಆದರೆ ಇನ್ನೊಂದು ಚಾನೆಲ್ ಸೇರಿಸಿದರೆ ಮುಗಿಯಿತು.

ಹೆಸರು ಇಡುವಾಗ ಸ್ವಲ್ಪ ಯೋಚಿಸಿ. ‘ಇತರೆ’ ಎಂದು ಮಾತ್ರ ಇಡಬೇಡಿ. ಮಗು ಹುಟ್ಟಿದ್ದನ್ನೂ ಅಮ್ಮ ತೀರಿಕೊಂಡಿದ್ದನ್ನೂ ‘ಇತರೆ’ ಎಂಬ ಜಾಗದಲ್ಲಿ ಬರೆಯಲು ಯಾರಿಗೆ ಮನಸ್ಸು ಬರುತ್ತದೆ? ನಾವು ‘ಜಗಲಿ’ ಎಂದು ಇಟ್ಟೆವು. ಜಗಲಿ ಬೀದಿಯೂ ಅಲ್ಲ, ನಡುಮನೆಯೂ ಅಲ್ಲ. ದಾರಿಯಲ್ಲಿ ಹೋಗುವವರು ಬಂದು ಕೂತು ಎದ್ದು ಹೋಗಬಹುದು. ನಮ್ಮ ಸಂಬಂಧಕ್ಕೆ ಅದು ಸರಿಯಾಗಿ ಕೂತಿತು.

ಶುರುವಿನಲ್ಲೇ ಮೂರು ಮಾತು ಬರೆದು ಮೇಲೆ ಪಿನ್ ಮಾಡಿ. ಇಲ್ಲಿಗೆ ಬರಲೇಬೇಕೆಂದಿಲ್ಲ, ಪೆನ್ನಿನ ಮಾತಿಗೆ ಮಾತ್ರ ಬಂದವರು ಅಲ್ಲೇ ಇರಬಹುದು. ಮ್ಯೂಟ್ ಮಾಡಿಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲಿ ಹೇಳಿದ್ದನ್ನು ಕೇಳದೆ ಹೊರಗೆ ಒಯ್ಯುವಂತಿಲ್ಲ, ಸ್ಕ್ರೀನ್‌ಶಾಟ್ ಕೂಡ. ಮೂರನೆಯದು ಇಲ್ಲದಿದ್ದರೆ ಮೊದಲ ಎರಡು ಇದ್ದೂ ಪ್ರಯೋಜನವಿಲ್ಲ.

ವಾಟ್ಸ್ಯಾಪ್ ಗುಂಪಿಗೆ 1024 ಜನರನ್ನು ಸೇರಿಸಬಹುದು. ಜಗಲಿಗೆ ಅಷ್ಟು ಜನ ಹಿಡಿಸುವುದಿಲ್ಲ. ನಾನು ಕಂಡಂತೆ, ಓದುತ್ತಿರುವವರು ಯಾರು ಯಾರು ಎಂದು ಕಣ್ಣು ಮುಚ್ಚಿ ಎಣಿಸಲು ಆಗದಷ್ಟು ಜನ ಸೇರಿದ ದಿನವೇ ಮಾತು ನಿಲ್ಲುತ್ತದೆ. ಹೊಸಬರನ್ನು ಮುಖ್ಯ ಗುಂಪಿಗೆ ಸೇರಿಸಿಕೊಳ್ಳಿ, ಜಗಲಿಗೆ ಕೆಲವು ತಿಂಗಳು ಕಳೆದ ಮೇಲೆ ಕರೆಯಿರಿ.

2. ಸುದ್ದಿ ಯಾರದ್ದು ಎಂದು ಮೊದಲು ಕೇಳಿಕೊಳ್ಳಿ

ಈ ಪಾಠ ನಾನು ಕಲಿತದ್ದು ಇನ್ನೊಬ್ಬರ ನಿದ್ದೆಗೆಡಿಸಿ. ಗುಂಪಿನ ಗೆಳತಿಯೊಬ್ಬಳು ಹೊಸ ಕೆಲಸ ಸಿಕ್ಕಿದೆ ಎಂದು ನನಗೊಬ್ಬನಿಗೆ ಮೆಸೇಜ್ ಮಾಡಿದ್ದಳು. ನಾನು ಖುಷಿಯಲ್ಲಿ ಅದೇ ಗಳಿಗೆಯಲ್ಲಿ ಗುಂಪಿನಲ್ಲಿ ಅಭಿನಂದನೆ ಹೇಳಿಬಿಟ್ಟೆ. ಅವಳು ಹಳೆಯ ಕೆಲಸಕ್ಕೆ ಇನ್ನೂ ರಾಜೀನಾಮೆ ಕೊಟ್ಟಿರಲಿಲ್ಲ. ಅವಳ ಕಚೇರಿಯವರನ್ನು ಬಲ್ಲ ಒಬ್ಬರು ಗುಂಪಿನಲ್ಲಿದ್ದರು. ಮಾತು ಅಲ್ಲಿಗೆ ಮುಟ್ಟಲಿಲ್ಲ, ಆದರೆ ಮುಟ್ಟಬಹುದೆಂಬ ಹೆದರಿಕೆಯಲ್ಲಿ ಅವಳು ಎರಡು ರಾತ್ರಿ ಕಳೆದಳು. ನಾನು ಕ್ಷಮೆ ಕೇಳಿದೆ, ಅವಳು ಕ್ಷಮಿಸಿದಳು. ಆದರೂ ಆ ವರ್ಷವಿಡೀ ನನಗೆಂದು ಅವಳು ಬೇರೆ ಯಾವ ಸುದ್ದಿಯನ್ನೂ ಹೇಳಲಿಲ್ಲ.

ಸುದ್ದಿ ಯಾರಿಗೆ ಆಗಿದೆಯೋ ಅವರದ್ದು. ಹೆಂಡತಿಯ ಶಸ್ತ್ರಚಿಕಿತ್ಸೆ, ಮಗನ ಪರೀಕ್ಷೆ, ತಂಗಿಯ ವಿಚ್ಛೇದನ, ಇವು ನನ್ನ ಮನೆಯಲ್ಲಿ ನಡೆದಿರಬಹುದು, ನನ್ನನ್ನು ಹಣ್ಣು ಮಾಡಿರಬಹುದು, ಆದರೂ ಅವನ್ನು ಹೇಳುವ ಮೊದಲು ಅವರನ್ನು ಕೇಳಬೇಕು. ‘ನನ್ನ ಪೆನ್ನಿನ ಗೆಳೆಯರಿಗೆ ಹೇಳಲಾ? ಇಷ್ಟು ಹೇಳುತ್ತೇನೆ, ಇದನ್ನು ಹೇಳುವುದಿಲ್ಲ’ ಎಂದು ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಮಕ್ಕಳನ್ನೂ ಕೇಳಿ. ಏಳೆಂಟು ವರ್ಷದ ಮಗುವಿಗೆ ತನ್ನ ಯಾವ ಫೋಟೊ ಹೋಗಬೇಕು, ಯಾವುದು ಬೇಡ ಎಂದು ಚೆನ್ನಾಗಿ ಗೊತ್ತಿರುತ್ತದೆ. ಒಪ್ಪದಿದ್ದರೆ ನಿಮ್ಮ ಪಾಲಿನದನ್ನು ಮಾತ್ರ ಹೇಳಿಕೊಳ್ಳಬಹುದು: ‘ಮನೆಯಲ್ಲಿ ಸ್ವಲ್ಪ ಕಷ್ಟದ ದಿನಗಳು, ವಿವರ ಹೇಳುವ ಹಾಗಿಲ್ಲ, ನಾನು ಕೆಲವು ದಿನ ಕಾಣಿಸದಿದ್ದರೆ ತಪ್ಪು ತಿಳಿಯಬೇಡಿ.’ ಇಷ್ಟು ಸಾಕಾಗುತ್ತದೆ.

ಆಮೇಲೆ ಸರದಿ. ಹತ್ತಿರದವರಿಗೆ ಗೊತ್ತಾಗುವ ಮೊದಲು ಗುಂಪಿಗೆ ಗೊತ್ತಾದರೆ ಹತ್ತಿರದವರು ನೋಯುತ್ತಾರೆ. ರಾಬಿನ್ ಡನ್‌ಬಾರ್ ಎಂಬ ಬ್ರಿಟಿಷ್ ವಿಜ್ಞಾನಿ ಮನುಷ್ಯನ ಸಂಬಂಧಗಳನ್ನು ಒಂದರ ಸುತ್ತ ಒಂದು ಬಳೆಗಳಂತೆ ವಿವರಿಸಿದ್ದಾರೆ: ಒಳಗೆ ಸುಮಾರು 5 ಜನ, ಅದರಾಚೆ 15, ಅದರಾಚೆ 50, ಎಲ್ಲ ಸೇರಿ 150ರ ಆಸುಪಾಸು. ಈ ಲೆಕ್ಕ ಪ್ರತಿಯೊಬ್ಬರಿಗೂ ಕರಾರುವಾಕ್ಕಾಗಿ ಹೊಂದದಿರಬಹುದು, ಆದರೆ ಸುದ್ದಿ ಹೇಳುವ ಸರದಿಗೆ ನನಗೆ ಇದು ಬಹಳ ಉಪಯೋಗಕ್ಕೆ ಬಂದಿದೆ. ಒಳಗಿನ ಐವರಿಗೆ ಫೋನು, ಹದಿನೈದು ಜನಕ್ಕೆ ಒಬ್ಬೊಬ್ಬರಿಗೇ ಬರೆದ ಮೆಸೇಜು, ಆಮೇಲೆ ಜಗಲಿ. ಹವ್ಯಾಸದ ಗುಂಪಿನಲ್ಲೇ ಒಬ್ಬಿಬ್ಬರು ಆ ಐವರಲ್ಲಿ ಸೇರಿರುವುದುಂಟು. ಅವರಿಗೆ ಮೊದಲೇ ಹೇಳಿ, ಮತ್ತು ಗುಂಪಿಗೆ ಇನ್ನೂ ಹೇಳಿಲ್ಲ ಎಂಬುದನ್ನೂ ಹೇಳಿ. ನನ್ನ ಗೆಳತಿ ಆ ಒಂದು ವಾಕ್ಯ ಸೇರಿಸಿರಲಿಲ್ಲ. ಅವಳು ಸೇರಿಸದಿದ್ದರೂ ನಾನು ಕೇಳಬೇಕಿತ್ತು.

3. ಫೋಟೊ ಕಳಿಸುವ ಮೊದಲು ಅದರ ಮೂಲೆಗಳನ್ನು ನೋಡಿ

ಖುಷಿಯ ಫೋಟೊದಲ್ಲಿ ಕಣ್ಣು ಮುಖಗಳ ಮೇಲೆ ಇರುತ್ತದೆ, ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಮಗುವಿನ ಶಾಲೆಯ ಬ್ಯಾಡ್ಜು, ಮನೆಯ ನಂಬರು, ಹೊಸ ಗಾಡಿಯ ನಂಬರ್ ಪ್ಲೇಟು, ಆಸ್ಪತ್ರೆ ಚೀಟಿಯ ಮೇಲಿನ ಹೆಸರು, ಇವನ್ನು ಕತ್ತರಿಸಿ ಕಳಿಸಿ. ಪ್ರಯಾಣದ ಟಿಕೆಟಿನ ಬಾರ್‌ಕೋಡನ್ನು ಮುಚ್ಚಿಡಿ. ಅದನ್ನು ಸ್ಕ್ಯಾನ್ ಮಾಡಿದರೆ ಬುಕಿಂಗ್ ವಿವರ ಸಿಗುತ್ತದೆ. ಊರಿಗೆ ಹೋಗುವ ಸುದ್ದಿಯನ್ನು ಊರಿಂದ ಬಂದ ಮೇಲೆ ಹೇಳಿದರೂ ಅದರ ರುಚಿ ಕೆಡುವುದಿಲ್ಲ.

ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊ ತೆಗೆದ ಜಾಗ ಆ ಫೈಲಿನೊಳಗೇ ಸೇರಿರುತ್ತದೆ. ವಾಟ್ಸ್ಯಾಪ್‌ನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಆ ಮಾಹಿತಿ ಕಳಚಿಹೋಗುತ್ತದೆ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಜಾಗದ ಸಮೇತ ಹೋಗುತ್ತದೆ. ಬಣ್ಣ ಕೆಡಬಾರದೆಂದು ಇಂಕಿನ ಫೋಟೊಗಳನ್ನು ಡಾಕ್ಯುಮೆಂಟ್ ಆಗಿ ಕಳಿಸುವ ಅಭ್ಯಾಸ ನಮ್ಮಂಥವರಿಗೆ ಇರುತ್ತದಲ್ಲ, ಅದೇ ಕೈ ಮಗುವಿನ ಫೋಟೊವನ್ನೂ ಹಾಗೆಯೇ ಕಳಿಸಿಬಿಡುತ್ತದೆ.

4. ಸುದ್ದಿ ಮೊದಲು, ಪೀಠಿಕೆ ಬೇಡ

‘ನಿಮ್ಮೆಲ್ಲರ ಹತ್ತಿರ ಒಂದು ವಿಷಯ ಹೇಳಬೇಕಿತ್ತು’ ಎಂದು ಬರೆದು ಎರಡು ಗಂಟೆ ಕಾಣೆಯಾಗುವವರಿದ್ದಾರೆ. ಕೆಟ್ಟ ಮನಸ್ಸಿನಿಂದಲ್ಲ, ಮುಂದಿನ ಸಾಲು ಹೇಗೆ ಬರೆಯಬೇಕೆಂದು ತಿಳಿಯದೆ. ಆದರೆ ಅಷ್ಟು ಹೊತ್ತು ಇಪ್ಪತ್ತು ಜನ ಏನಾಯಿತೋ ಎಂದು ಒದ್ದಾಡುತ್ತಾರೆ. ಮೊದಲು ನೋಟ್ಸ್‌ನಲ್ಲಿ ಪೂರ್ತಿ ಬರೆದುಕೊಂಡು ಆಮೇಲೆ ಒಟ್ಟಿಗೆ ಹಾಕಿ.

ಮೊದಲ ವಾಕ್ಯದಲ್ಲೇ ಆದದ್ದನ್ನು ಹೇಳಿ. ಎರಡನೆಯದರಲ್ಲಿ ಈಗ ಹೇಗಿದೆ ಎಂದು ಹೇಳಿ. ಮೂರನೆಯದರಲ್ಲಿ ನಿಮಗೆ ಗೆಳೆಯರಿಂದ ಏನು ಬೇಕು ಎಂದು ಹೇಳಿ. ಈ ಮೂರನೆಯದನ್ನು ಬಹಳ ಜನ ಬಿಡುತ್ತಾರೆ, ಓದುವವರಿಗೆ ಬೇಕಾಗಿರುವುದು ಅದೇ. ನಮ್ಮ ಗುಂಪಿನ ಅಕ್ಕ ಒಬ್ಬರು ಬರೆದ ಸುದ್ದಿ ನನಗೆ ಮಾದರಿಯಾಗಿ ನಿಂತಿದೆ:

‘ನಿನ್ನೆ ಬಿದ್ದು ಬಲಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ, ನೋವು ಕಡಿಮೆ ಇದೆ, ಆರು ವಾರ ಪೆನ್ನು ಹಿಡಿಯುವ ಹಾಗಿಲ್ಲ. ಮನೆಮದ್ದು ಹೇಳಬೇಡಿ, ಡಾಕ್ಟರು ಹೇಳಿದ್ದನ್ನು ಮಾಡುತ್ತಿದ್ದೇನೆ. ನೀವು ಬರೆದ ಪುಟಗಳ ಫೋಟೊ ದಿನಾ ಹಾಕಿ, ನೋಡಿಕೊಂಡಿರುತ್ತೇನೆ.’

ಆರು ವಾರವೂ ದಿನಕ್ಕೊಬ್ಬರಂತೆ ಸರದಿ ಹಾಕಿಕೊಂಡು ಪುಟ ಬರೆದೆವು. ಏನು ಮಾಡಬೇಕೆಂದು ಅವರೇ ಹೇಳಿದ್ದರಿಂದ ನಮಗೆ ತಡಕಾಡುವ ಕೆಲಸ ಇರಲಿಲ್ಲ.

ಬೇರೆ ಬೇರೆ ದೇಶಗಳಲ್ಲಿ ಇರುವವರ ಗುಂಪಾದರೆ ‘ನಾಳೆ ಬೆಳಿಗ್ಗೆ ಆಪರೇಶನ್’ ಎಂದು ಬರೆಯಬೇಡಿ, ತಾರೀಕು ಮತ್ತು ನಿಮ್ಮ ಊರಿನ ಸಮಯ ಎಂದು ಬಿಡಿಸಿ ಬರೆಯಿರಿ. ನಿಮ್ಮ ನಾಳೆ ಕೆಲವರಿಗೆ ಇವತ್ತೇ ಆಗಿರುತ್ತದೆ. ವಾಟ್ಸ್ಯಾಪ್‌ನಲ್ಲಿ ತಿದ್ದಲು 15 ನಿಮಿಷ ಸಿಗುತ್ತದೆ, ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು. ಅಳಿಸಬಹುದೆಂಬ ಧೈರ್ಯದ ಮೇಲೆ ಏನನ್ನೂ ಬರೆಯಬೇಡಿ. ಓದಿದವರ ಮನಸ್ಸಿನಿಂದ ಅದು ಹೋಗುವುದಿಲ್ಲ.

5. ಸಣ್ಣ ಸುದ್ದಿಯನ್ನು ತಡೆಯಬೇಡಿ

‘ಇದನ್ನೆಲ್ಲ ಯಾರು ಕೇಳುತ್ತಾರೆ’ ಎಂದು ನಾವು ನುಂಗಿಕೊಳ್ಳುವ ಸುದ್ದಿಗಳೇ ಗೆಳೆತನ ಬೆಳೆಸುವಂಥವು. ಕಿಟಕಿಯ ಗಿಡ ಮೊದಲ ಸಲ ಹೂ ಬಿಟ್ಟಿತು. ಮಗಳು ಇವತ್ತು ತನ್ನ ಹೆಸರನ್ನು ತಾನೇ ಬರೆದಳು, ಒಂದಕ್ಷರ ಉಲ್ಟಾ. ಹತ್ತು ವರ್ಷದ ಹಳೆಯ ಕನ್ನಡಕ ಬದಲಾಯಿತು, ನಿಬ್ಬಿನ ತುದಿ ಈಗ ಕಾಣುತ್ತಿದೆ. ಇಂಥದ್ದನ್ನು ಬರೆದು ಅಭ್ಯಾಸವಿಲ್ಲದವರು ದೊಡ್ಡದು ಬಂದಾಗ ಬಾಯಿ ಬಿಡಲಾರದೆ ಮೂರನೇ ಸಾಲಿನಲ್ಲಿ ಅಡಗಿಸುತ್ತಾರೆ. ನಮ್ಮ ಗೆಳೆಯ ಅದಕ್ಕೂ ಮುಂಚಿನ ಏಳು ವರ್ಷದಲ್ಲಿ ಮನೆಯ ಬಗ್ಗೆ ಒಂದು ಮಾತನ್ನೂ ಆಡಿದವನಲ್ಲ. ನಾವೂ ಕೇಳಿದವರಲ್ಲ.

ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗೆಳೆತನಕ್ಕೆ ಬೇಕಾಗುವ ಹೊತ್ತನ್ನು ಲೆಕ್ಕ ಹಾಕಿತ್ತು. ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯರೇ ಆಗಲು ಸುಮಾರು 90, ಆಪ್ತರಾಗಲು 200ಕ್ಕಿಂತ ಹೆಚ್ಚು ಗಂಟೆ ಒಟ್ಟಿಗೆ ಕಳೆಯಬೇಕಾಗುತ್ತದೆ ಎಂದು ಅದರಲ್ಲಿ ಕಂಡುಬಂತು. ಹತ್ತು ವರ್ಷದ ಹವ್ಯಾಸದ ಗುಂಪಿನಲ್ಲಿ ಗಂಟೆಗಳಿಗೇನೂ ಬರವಿಲ್ಲ. ಆ ಗಂಟೆಗಳಲ್ಲಿ ಏನು ಮಾತಾಡಿದೆವು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ಅದೇ ಅಧ್ಯಯನ ಹೇಳಿತ್ತು: ದಿನಚರಿಯ ಸಮಾಚಾರ ಕೇಳುವುದು, ತಮಾಷೆ ಮಾಡುವುದು, ಮನಸ್ಸಿಟ್ಟು ಮಾತಾಡುವುದು ಸಂಬಂಧವನ್ನು ಹತ್ತಿರ ತರುತ್ತವೆ.

ಅಭ್ಯಾಸವಾಗಲು ನಾವು ವಾರಕ್ಕೊಂದು ದಿನ ಗೊತ್ತುಮಾಡಿದೆವು. ಭಾನುವಾರ ಸಂಜೆ ಒಬ್ಬರು ‘ಈ ವಾರ?’ ಎಂದು ಬರೆಯುತ್ತಾರೆ. ಇಷ್ಟವಿದ್ದವರು ಒಂದೇ ಒಂದು ಸಾಲು ಹಾಕುತ್ತಾರೆ. ಮೊದಲ ತಿಂಗಳು ಮೂರು ನಾಲ್ಕು ಜನ ಬರೆಯುತ್ತಿದ್ದರು. ಶುರು ಮಾಡಿದವರೇ ಬೇಸರಪಡದೆ ಸಣ್ಣದನ್ನು ಬರೆಯುತ್ತಾ ಹೋದರೆ ಉಳಿದವರಿಗೆ ಅಳತೆ ಸಿಗುತ್ತದೆ. ಮೊದಲ ವಾರವೇ ಬಡ್ತಿ, ಹೊಸ ಮನೆ ಎಂದು ದೊಡ್ಡದು ಬಂದರೆ ಸಣ್ಣದಿರುವವರು ಹಿಂದೆ ಸರಿಯುತ್ತಾರೆ.

6. ಉತ್ತರ ಕೊಡುವುದನ್ನು ಕಲಿಯಿರಿ

ಹೇಳುವುದಕ್ಕಿಂತ ಇದು ಕಷ್ಟ, ಮತ್ತು ಗುಂಪು ಬದುಕುವುದು ಇದರ ಮೇಲೆ. ಸುದ್ದಿ ಹಾಕಿದ ಮೇಲೆ ನಲವತ್ತು ಚಪ್ಪಾಳೆ ಚಿತ್ರ, ಹನ್ನೆರಡು ‘ಅಭಿನಂದನೆಗಳು’ ಬಂದು ನಿಂತರೆ, ಹಾಕಿದವರಿಗೆ ಒಂದು ಗಳಿಗೆ ಖುಷಿಯಾಗಿ ಆಮೇಲೆ ಏನೋ ಖಾಲಿ ಅನಿಸುತ್ತದೆ. ನನಗೂ ಹಾಗೆ ಆಗಿದೆ, ನಿಮಗೂ ಆಗಿರಬಹುದು.

ಮನೋವಿಜ್ಞಾನಿ ಶೆಲ್ಲಿ ಗೇಬಲ್ ಮತ್ತು ಜೊತೆಗಾರರು 2004ರಲ್ಲಿ ಇದನ್ನೇ ಪರೀಕ್ಷಿಸಿ ಬರೆದಿದ್ದಾರೆ. ಒಳ್ಳೆಯದು ಆದಾಗ ಅದನ್ನು ಇನ್ನೊಬ್ಬರಿಗೆ ಹೇಳಿಕೊಂಡರೆ, ಆದ ಘಟನೆ ಕೊಟ್ಟ ಖುಷಿಯ ಮೇಲೆ ಇನ್ನಷ್ಟು ಖುಷಿ ಸೇರುತ್ತದೆ. ಕೇಳಿದವರು ಹೇಗೆ ಉತ್ತರಿಸಿದರು ಎಂಬುದರ ಮೇಲೆ ಅದು ಹೆಚ್ಚುಕಡಿಮೆ ಆಗುತ್ತದೆ. ಉತ್ತರಗಳನ್ನು ಅವರು ನಾಲ್ಕು ಬಗೆಯಾಗಿ ನೋಡುತ್ತಾರೆ. ಗೆಳೆಯನೊಬ್ಬ ‘ಮೂರು ವರ್ಷ ಕೂತು ಬರೆದ ಕೈಬರಹದ ಪುಸ್ತಕ ಇವತ್ತು ಮುಗಿಯಿತು’ ಎಂದು ಹೇಳಿದ ಅಂದುಕೊಳ್ಳಿ.

‘ಅರೆ! ಕೊನೆಯ ಪುಟ ಬರೆಯುವಾಗ ಯಾವ ಪೆನ್ನು ಕೈಯಲ್ಲಿತ್ತು? ಮೊದಲ ಪುಟ, ಕೊನೆಯ ಪುಟ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸು’ ಎನ್ನುವುದು ಒಂದು ಬಗೆ. ‘ಶುಭಾಶಯ’ ಎಂದು ಮುಗಿಸುವುದು ಇನ್ನೊಂದು. ‘ಮೂರು ವರ್ಷ ಬೇಕಾಯಿತಾ? ಈಗ ಯಾರು ಓದುತ್ತಾರೆ ಕೈಬರಹ?’ ಎನ್ನುವುದು ಮೂರನೆಯದು. ಅದನ್ನು ನೋಡಿಯೂ ನೋಡದವರ ಹಾಗೆ ‘ಯಾರ ಹತ್ತಿರವಾದರೂ ಬ್ರಾಡ್ ನಿಬ್ ಇದೆಯಾ?’ ಎಂದು ಬೇರೆ ಮಾತು ಎತ್ತುವುದು ನಾಲ್ಕನೆಯದು. ಮೊದಲನೆಯದು ಮಾತ್ರ ಸಂಬಂಧವನ್ನು ಗಟ್ಟಿ ಮಾಡುತ್ತದೆ ಎಂಬುದು ಅವರ ಅಧ್ಯಯನಗಳಲ್ಲಿ ಕಂಡದ್ದು. ಎರಡನೆಯದು ನೋಡಲು ಒಳ್ಳೆಯದೇ ಅನಿಸಿದರೂ ಅದೂ ಸಂಬಂಧವನ್ನು ಗಟ್ಟಿ ಮಾಡುವುದಿಲ್ಲ ಎಂಬುದನ್ನು ಓದಿ ನಾನು ನನ್ನ ಹಳೆಯ ಉತ್ತರಗಳನ್ನು ತೆಗೆದು ನೋಡಿದೆ. ‘ಸೂಪರ್’, ‘ಶುಭವಾಗಲಿ’, ‘ಸೂಪರ್’. ಸಾಲಾಗಿ.

ಈಗ ನಾನು ಪಾಲಿಸುವುದು ಇದು. ಒಂದು ಪ್ರಶ್ನೆ ಕೇಳುತ್ತೇನೆ, ಅವರು ಖುಷಿಯಿಂದ ಉತ್ತರಿಸಬಹುದಾದ ಪ್ರಶ್ನೆ. ಅವರು ಹಿಂದೆ ಹೇಳಿದ್ದು ನೆನಪಿದ್ದರೆ ಎತ್ತುತ್ತೇನೆ: ‘ಎರಡನೇ ವರ್ಷದಲ್ಲಿ ಬಿಟ್ಟುಬಿಡುತ್ತೇನೆ ಅಂದಿದ್ದೆಯಲ್ಲ, ಮತ್ತೆ ಹೇಗೆ ಕೂತೆ?’ ನನ್ನದೇ ಕಥೆ ನೆನಪಾದರೆ ತಡೆದು, ಅವರ ಮಾತು ಮುಗಿದ ಮೇಲೆ ಹೇಳುತ್ತೇನೆ. ‘ನನ್ನ ಮಗನೂ ಹೀಗೇ’ ಎಂದು ನಡುವೆ ಬಂದರೆ ಅವರ ಸುದ್ದಿ ನನ್ನ ಸುದ್ದಿಯಾಗುತ್ತದೆ. ಹೇಳಲು ಏನೂ ತೋಚದಿದ್ದರೆ ಗುಂಪಿನಲ್ಲಿ ಚಪ್ಪಾಳೆ ಒತ್ತಿ, ರಾತ್ರಿ ಅವರೊಬ್ಬರಿಗೇ ಎರಡು ಸಾಲು ಕಳಿಸುತ್ತೇನೆ. ಯಾರ ಸುದ್ದಿಗೂ ಒಂದು ಪ್ರಶ್ನೆಯಾದರೂ ಬರದೆ ಒಂದು ದಿನ ಕಳೆಯಬಾರದು ಎಂದು ನಾವು ಮೂವರು ಒಳಗೊಳಗೇ ಮಾತಾಡಿಕೊಂಡಿದ್ದೇವೆ. ಸಂಕೋಚದ ಜನ ಮೊದಲ ಸಲ ಬರೆದಾಗ ಇದು ತುಂಬಾ ಮುಖ್ಯ.

ಮಕ್ಕಳಿಗಾಗಿ ವರ್ಷಗಟ್ಟಲೆ ಕಾದವರು, ಕೆಲಸ ಕಳೆದುಕೊಂಡವರು ಅದೇ ಜಗಲಿಯಲ್ಲಿ ಕೂತಿರುತ್ತಾರೆ. ಅದಕ್ಕಾಗಿ ಖುಷಿಯ ಸುದ್ದಿ ಹೇಳದೆ ಇರಬೇಕೆಂದಿಲ್ಲ. ಅವರಿಗೆ ಮೊದಲೇ ಒಂದು ಮಾತು, ‘ಸಂಜೆ ಗುಂಪಿನಲ್ಲಿ ಹೇಳುವವಳಿದ್ದೇನೆ, ನಿನಗೆ ಮೊದಲು ತಿಳಿಸಬೇಕು ಅನಿಸಿತು’ ಎಂದು ಹೇಳಿದರೆ, ಅವರು ತಮ್ಮ ಮುಖವನ್ನು ತಾವೇ ಸಿದ್ಧಮಾಡಿಕೊಳ್ಳುತ್ತಾರೆ. ಆ ದಿನ ಅವರು ಮೌನವಾಗಿದ್ದರೆ ಎಣಿಸಬೇಡಿ.

7. ಕೆಟ್ಟ ಸುದ್ದಿ ಬಂದಾಗ

ಮುಖ್ಯ ಗುಂಪಿನಲ್ಲಿ ಪೆನ್ನಿನ ಮಾತು ನಿಲ್ಲಿಸಬೇಕೆಂದಿಲ್ಲ, ನಿಲ್ಲಿಸುವುದು ನೊಂದವರಿಗೂ ಭಾರ. ಜಗಲಿಯಲ್ಲಿ ಮಾತ್ರ ಆ ದಿನ ಬೇರೆ ಸುದ್ದಿ ಬೇಡ. ಕಾಯಿಲೆಯ ಸುದ್ದಿಗೆ ಚಿಕಿತ್ಸೆಯ ಸಲಹೆ, ಕೇಳಿದ ಕಥೆ, ಫಾರ್ವರ್ಡ್ ಬೇಡವೇ ಬೇಡ. ‘ಎಲ್ಲಾ ಸರಿಹೋಗುತ್ತದೆ’ ಎಂದು ನಮಗೆ ತಿಳಿಯದ್ದನ್ನು ಹೇಳುವುದೂ ಬೇಡ. ‘ಓದಿದೆ. ಮಾತು ಹೊಳೆಯುತ್ತಿಲ್ಲ. ನಾಳೆ ಮತ್ತೆ ಬರುತ್ತೇನೆ’ ಎಂದು ಬರೆದು ನಾಳೆ ನಿಜವಾಗಿಯೂ ಬನ್ನಿ.

‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ಹವ್ಯಾಸದ ಗೆಳೆಯರು ಮಾಡಬಹುದಾದದ್ದು ಬಹಳ ಸಲ ಹವ್ಯಾಸದೊಳಗೇ ಇರುತ್ತದೆ. ಇಂಕಿನ ಸಾಲಿನಲ್ಲಿ ಸುದ್ದಿ ಬಚ್ಚಿಟ್ಟ ಗೆಳೆಯನ ಅಪ್ಪ ಮೂರು ವಾರಕ್ಕೆ ತೀರಿಕೊಂಡರು. ಅವರದ್ದೊಂದು ಹಳೆಯ ಪೆನ್ನು ಇತ್ತು, ಪಕ್ಕದ ಸನ್ನೆ ಎತ್ತಿ ಇಂಕು ತುಂಬುವಂಥದ್ದು. ಒಳಗಿನ ರಬ್ಬರ್ ಚೀಲ ಒಣಗಿ ಪುಡಿಯಾಗಿತ್ತು. ಹಳೆಯ ಪೆನ್ನುಗಳಿಗೆ ಬರುವ ಮಾಮೂಲಿ ತೊಂದರೆ. ಮೂರನೇ ಸಾಲು ಓದಿದ ಹಿರಿಯರೇ ‘ಅದನ್ನು ನನಗೆ ಕಳಿಸಪ್ಪ’ ಎಂದರು. ಹಳೆಯ ಚೀಲದ ಚೂರುಗಳನ್ನು ಚಿಮಟದಲ್ಲಿ ಒಂದೊಂದಾಗಿ ತೆಗೆದು, ಹೊಸ ಚೀಲವನ್ನು ಅಳತೆಗೆ ಕತ್ತರಿಸಿ, ಅಂಟಿಸಿ, ಒಂದು ರಾತ್ರಿ ಒಣಗಲು ಬಿಟ್ಟರು. ಕೆಲಸದ ಒಂದೊಂದು ಹಂತದ ಫೋಟೊವನ್ನೂ ಅವನೊಬ್ಬನಿಗೇ ಕಳಿಸುತ್ತಿದ್ದರಂತೆ. ನಿಬ್ ಮಾತ್ರ ಮುಟ್ಟಲಿಲ್ಲ. ಅಪ್ಪನ ಕೈಗೆ ಸವೆದ ತುದಿ, ಅದು ಹಾಗೇ ಇರಲಿ ಎಂದರು. ಪೆನ್ನು ತಲುಪಿದ ದಿನ ಗೆಳೆಯ ಹಾಕಿದ ಪುಟದಲ್ಲಿ ನಾಲ್ಕು ಸಾಲಿದ್ದವು. ಈ ಸಲ ನಲವತ್ತೂ ಜನ ಓದಿದೆವು.

ಮೊದಲ ವಾರ ಎಲ್ಲರೂ ಇರುತ್ತಾರೆ. ಐದನೇ ವಾರಕ್ಕೆ ಫೋನಿನಲ್ಲಿ ಒಂದು ರಿಮೈಂಡರ್ ಹಾಕಿಕೊಳ್ಳಿ, ಮುಂದಿನ ವರ್ಷದ ಅದೇ ದಿನಕ್ಕೆ ಇನ್ನೊಂದು. ಉತ್ತರ ಬಾರದಿದ್ದರೂ ಪರವಾಗಿಲ್ಲ ಎಂದು ಮೆಸೇಜಿನಲ್ಲೇ ಬರೆಯಿರಿ.

8. ಹಣ ಕೇಳಿ ಮೆಸೇಜ್ ಬಂದರೆ

ಮಾತಾಡಿ ಖಚಿತ ಮಾಡಿಕೊಳ್ಳದೆ ಕಳಿಸಬೇಡಿ. ಒಬ್ಬರ ಖಾತೆ ಕದ್ದವರಿಗೆ ಅವರ ಹಳೆಯ ಗುಂಪುಗಳೇ ಮೊದಲ ಬೇಟೆ, ಏಕೆಂದರೆ ಅಲ್ಲಿ ನಂಬಿಕೆ ಇದೆ. ಗೊತ್ತಿರುವ ನಂಬರಿಗೆ ನೀವೇ ಕರೆ ಮಾಡಿ, ದನಿ ಕೇಳಿ. ನಿಮ್ಮಿಬ್ಬರಿಗೇ ಗೊತ್ತಿರುವ ಹಳೆಯ ಸಂಗತಿ ಕೇಳಿದರೂ ಗೆಳೆಯರಾದವರು ನೊಂದುಕೊಳ್ಳುವುದಿಲ್ಲ. ಎಲ್ಲರೂ ಎರಡು ಹಂತದ ಪರಿಶೀಲನೆ ಆನ್ ಮಾಡಿಕೊಳ್ಳಲಿ. ಫೋನಿಗೆ ಬಂದ ಆರಂಕಿಯ ಕೋಡನ್ನು ಗುಂಪಿನ ಅಡ್ಮಿನ್ ಕೇಳಿದರೂ ಕೊಡಬಾರದು. ಗುಂಪಾಗಿ ಹಣ ಕೂಡಿಸುವುದಿದ್ದರೆ ಒಬ್ಬರ ಕೈಯಲ್ಲಿ ಲೆಕ್ಕವಿರಲಿ, ಯಾರು ಎಷ್ಟು ಕೊಟ್ಟರು ಎಂಬುದು ಗುಂಪಿನಲ್ಲಿ ಬರಬಾರದು.

9. ನೀವು ಕಾಣೆಯಾದರೆ ಯಾರು ಹೇಳುತ್ತಾರೆ?

ವಯಸ್ಸು ಎಷ್ಟೇ ಇರಲಿ, ಈ ಹೆಜ್ಜೆಯನ್ನು ಬಿಡಬೇಡಿ. ಆನ್‌ಲೈನ್ ಗೆಳೆಯ ತೀರಿಕೊಂಡರೆ ಹೆಚ್ಚಿನ ಸಲ ಗುಂಪಿಗೆ ಗೊತ್ತೇ ಆಗುವುದಿಲ್ಲ. ಮನೆಯವರಿಗೆ ಗುಂಪು ಇರುವುದು ಗೊತ್ತಿರುವುದಿಲ್ಲ, ಗುಂಪಿನವರಿಗೆ ಮನೆಯವರ ನಂಬರು ಗೊತ್ತಿರುವುದಿಲ್ಲ. ಸಾಮಾನ್ಯವಾಗಿ 120 ದಿನ ಬಳಸದ ವಾಟ್ಸ್ಯಾಪ್ ಖಾತೆ ಅಳಿಸಿಹೋಗುತ್ತದೆ. ಆ ಮೇಲೆ ಕಳಿಸಿದ ಮೆಸೇಜು ಎಲ್ಲಿಗೂ ತಲುಪುವುದಿಲ್ಲ, ಆ ನಂಬರು ಮುಂದೆ ಬೇರೆ ಯಾರಿಗೋ ಸಿಗಲೂಬಹುದು. ಹವ್ಯಾಸಕ್ಕೆಂದು ರೇಡಿಯೊದಲ್ಲಿ ಒಬ್ಬರಿಗೊಬ್ಬರು ಮಾತಾಡುವ ಹ್ಯಾಮ್ ರೇಡಿಯೊದವರಲ್ಲಿ ತೀರಿಕೊಂಡ ಗೆಳೆಯರನ್ನು ‘ಸೈಲೆಂಟ್ ಕೀ’ ಎಂದು ಕರೆಯುವ ರೂಢಿ ಇದೆ. ಮೋರ್ಸ್ ಸಂಕೇತ ಕಳಿಸಲು ಒತ್ತುವ ಕೀಲಿ ಸುಮ್ಮನಾಯಿತು ಎಂದು. ಅವರು ಆ ಸುದ್ದಿಯನ್ನು ಒಬ್ಬರಿಗೊಬ್ಬರು ಮುಟ್ಟಿಸುತ್ತಾರೆ, ಪಟ್ಟಿ ಮಾಡಿ ನೆನೆಯುತ್ತಾರೆ.

ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ಯುವಕನ ವಿಷಯ ಜಗತ್ತಿಗೆಲ್ಲ ತಿಳಿದದ್ದು ಅವನು ಹೋದ ಮೇಲೆ. ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ಡುಶೆನ್ ಕಾಯಿಲೆ ಅವನಿಗಿತ್ತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ಸಾವಿರಾರು ಗಂಟೆ ಕಳೆಯುತ್ತಿದ್ದ. 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡಾಗ, ಮಗನಿಗೆ ಗೆಳೆಯರೇ ಇರಲಿಲ್ಲವಲ್ಲ ಎಂದು ಅಪ್ಪ ಅಮ್ಮ ಮರುಗುತ್ತಿದ್ದರು. ಅವನು ಬರೆಯುತ್ತಿದ್ದ ಬ್ಲಾಗಿನ ಪಾಸ್‌ವರ್ಡ್ ಅವರ ಕೈಯಲ್ಲಿತ್ತು. ಅಲ್ಲಿ ಸಾವಿನ ಸುದ್ದಿ ಹಾಕಿ ಒಂದು ಇಮೇಲ್ ವಿಳಾಸ ಕೊಟ್ಟರು. ಮುಖ ನೋಡದ ಗೆಳೆಯರಿಂದ, ಬೇರೆ ಬೇರೆ ದೇಶಗಳಿಂದ ಪತ್ರಗಳ ಮೇಲೆ ಪತ್ರ ಬಂದವು. ಕೆಲವರು ಅಂತ್ಯಕ್ರಿಯೆಗೂ ಬಂದರು. ಆ ಒಂದು ಪಾಸ್‌ವರ್ಡ್ ಇಲ್ಲದಿದ್ದರೆ ಗೆಳೆಯರು ಅವನಿಗಾಗಿ ಕಾಯುತ್ತಿದ್ದರು, ಅಪ್ಪ ಅಮ್ಮ ಮಗ ಒಂಟಿಯಾಗಿದ್ದ ಎಂದೇ ನಂಬಿರುತ್ತಿದ್ದರು.

ಮಾಡಬೇಕಾದದ್ದು ಕಡಿಮೆ. ಗುಂಪಿನಲ್ಲಿ ಇಬ್ಬಿಬ್ಬರು ಜೋಡಿಯಾಗಿ, ನಿಮ್ಮ ಮನೆಯ ಒಬ್ಬರ ನಂಬರನ್ನು ಜೋಡಿಗೆ ಕೊಡಿ, ಅವರ ಮನೆಯದನ್ನು ಪಡೆಯಿರಿ. ಎಷ್ಟು ದಿನ ಸದ್ದಿಲ್ಲದಿದ್ದರೆ ಆ ನಂಬರಿಗೆ ಕರೆ ಮಾಡಬೇಕು ಎಂದೂ ಮಾತಾಡಿಕೊಳ್ಳಿ. ನನ್ನದು 15 ದಿನ. ಗೂಗಲ್ ಖಾತೆಯಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬುದಿದೆ: ಖಾತೆ 3, 6, 12 ಅಥವಾ 18 ತಿಂಗಳು ಸುಮ್ಮನಿದ್ದರೆ ನೀವು ಮೊದಲೇ ಹೆಸರಿಸಿದ 10 ಜನರವರೆಗೆ ತಿಳಿಸುತ್ತದೆ. ಆ್ಯಪಲ್ ಫೋನಿನಲ್ಲಿ 2021ರ ಡಿಸೆಂಬರಿನಿಂದ ಲೆಗಸಿ ಕಾಂಟ್ಯಾಕ್ಟ್ ಎಂದು, ಅಂದರೆ ನೀವು ತೀರಿಕೊಂಡ ಮೇಲೆ ನಿಮ್ಮ ಖಾತೆ ನೋಡಬಲ್ಲವರೆಂದು, 5 ಜನರವರೆಗೆ ಸೇರಿಸಬಹುದು. ಇವನ್ನು ಮಾಡಿಡಿ, ಆದರೆ ಇವು ತಡವಾಗಿ ತಲುಪುವ ದಾರಿಗಳು. ಬೇಗ ತಲುಪುವುದು ಮನೆಯವರ ಕೈಗೆ ಸಿಗುವ ಒಂದು ಕಾಗದ.

ನನ್ನದು ಪೆನ್ನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಇದೆ. ಬರೆಯುತ್ತಾ ಹೋದಂತೆ ಗಾಳಿ ತಾಗಿ ಕಪ್ಪಾಗಿ ಹಾಳೆಗೆ ಕಚ್ಚಿಕೊಳ್ಳುವ ಐರನ್ ಗಾಲ್ ಇಂಕಿನಲ್ಲಿ ಬರೆದೆ, ನೀರು ಬಿದ್ದರೂ ಹೋಗದಿರಲಿ ಎಂದು. ಎಲ್ಲಿದೆ ಎಂದು ಹೆಂಡತಿಗೂ ಮಗನಿಗೂ ತೋರಿಸಿದ್ದೇನೆ. ಅದರಲ್ಲಿ ಹೀಗಿದೆ:

‘ಈ ಪೆಟ್ಟಿಗೆ ತೆರೆದವರಿಗೆ. ನನ್ನ ಫೋನಿನಲ್ಲಿ ಜಗಲಿ ಎಂಬ ಗುಂಪಿದೆ. ಫೋನು ತೆರೆಯಲಾಗದಿದ್ದರೆ ಕೆಳಗಿನ ನಂಬರಿಗೆ ಕರೆ ಮಾಡಿ, ಅವರು ಉಳಿದವರಿಗೆ ಹೇಳುತ್ತಾರೆ. ಏನು ಹೇಳಬೇಕೆಂದು ತಿಳಿಯದಿದ್ದರೆ ಆದದ್ದನ್ನು ಹೇಳಿ, ಸಾಕು. ಅವರು ನನ್ನ ಬಗ್ಗೆ ಏನಾದರೂ ಬರೆದರೆ ಬಿಡುವಾದಾಗ ಓದಿ. ಪೆನ್ನುಗಳಲ್ಲಿ ಇಂಕು ಉಳಿದಿದ್ದರೆ ತಣ್ಣೀರಿನಲ್ಲಿ ತೊಳೆದು ತಲೆಕೆಳಗಾಗಿ ಒಣಗಿಸಿ. ಈ ಇಂಕು ಒಳಗೇ ಒಣಗಿದರೆ ಕಟ್ಟಿಕೊಳ್ಳುತ್ತದೆ. ತೊಳೆಯುವ ಕ್ರಮ ಗೊತ್ತಾಗದಿದ್ದರೆ ಅವರನ್ನೇ ಕೇಳಿ.’